ಸಂಪಂಗಿ ಕೆರೆಯಿಂದ ಕಂಠೀರವ ಕ್ರೀಡಾಂಗಣದವರೆಗೆ

ಕ್ರೀಡಾಂಗಣವೊಂದರ ಇತಿಹಾಸವನ್ನು ಅದರ ಉದ್ಘಾಟನೆಯಿಂದ ಆರಂಭಿಸುವುದು ವಾಡಿಕೆ. ಬೆಂಗಳೂರು ಫುಟ್‌ಬಾಲ್ ಕ್ಲಬ್ಬಿನ ತವರು ಅಂಗಳವೆಂದು ಹೆಸರಾದ ಶ್ರೀ ಕಂಠೀರವ ಕ್ರೀಡಾಂಗಣದ ಮಟ್ಟಿಗೆ ಈ ಕ್ರಮ ಸಾಲದು; ಅದರ ಚರಿತ್ರೆ ನೀರಿನಿಂದ ಮೊದಲಾಗುತ್ತದೆ.

ಈ ನೆಲದಲ್ಲಿ ಹಿಂದೆ ಸಂಪಂಗಿ ಕೆರೆಯಿತ್ತು. ಪೇಟೆಗೂ ದಂಡುಪ್ರದೇಶಕ್ಕೂ ನಡುವೆ ಹರಡಿದ್ದ ಅದರ ನೀರು ಕುಡಿಯಲೂ ತೋಟಗಳಿಗೂ ಒದಗುತ್ತಿತ್ತು. 1890ರ ದಶಕದಲ್ಲಿ ಹೆಸರಘಟ್ಟದ ನೀರು ಕೊಳವೆಗಳಲ್ಲಿ ನಗರಕ್ಕೆ ಬಂದ ಮೇಲೆ ಕೆರೆಯ ಅವಲಂಬನೆ ಕುಗ್ಗಿತು. 20ನೆಯ ಶತಮಾನದಲ್ಲಿ ಅದರ ಅಂಗಳವು ಮೈದಾನವಾಯಿತು. ಈಗಿನ ಕ್ರೀಡಾಂಗಣವು 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕಾಗಿ ಸಜ್ಜುಗೊಂಡಿತು.

ಅಥ್ಲೆಟಿಕ್ಸ್ ಓಟದ ಪಥವು ಮೈದಾನವನ್ನು ಸುತ್ತುವರಿದಿರುವುದರಿಂದ ಪ್ರೇಕ್ಷಕರು ಆಟದಿಂದ ತುಸು ದೂರದಲ್ಲೇ ಕೂರಬೇಕು. ಆದರೂ 2013ರಲ್ಲಿ ಸ್ಥಾಪನೆಗೊಂಡು, ಮೊದಲ ಋತುವನ್ನು ಬೆಂಗಳೂರು ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಆಡಿ, ಅನಂತರ ಇಲ್ಲಿಗೆ ಬಂದ ಕ್ಲಬ್ಬು ಈ ಅಂಗಳಕ್ಕೆ ಹೊಸ ಜನಸ್ತೋಮವನ್ನು ತಂದಿತು. 2016ರ ಅಕ್ಟೋಬರ್ 19ರಂದು ಮಲೇಷ್ಯಾದ ಜೊಹೋರ್ ತಂಡವನ್ನು ಇಲ್ಲಿ 3–1 ಗೋಲುಗಳಿಂದ ಸೋಲಿಸಿ, ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ಬೆನಿಸಿತು.

ಕೆರೆ ಪೂರ್ತಿಯಾಗಿ ಅಳಿದಿಲ್ಲ. ಕ್ರೀಡಾಂಗಣದ ಮಗ್ಗುಲಲ್ಲಿ ಉಳಿದಿರುವ ಪುಟ್ಟ ಕೊಳದಲ್ಲಿ ಬೆಂಗಳೂರು ಕರಗದ ವಿಧಿಗಳು ಇಂದಿಗೂ ನಡೆಯುತ್ತವೆ. ನಗರದ ಕ್ರೀಡಾಚರಿತ್ರೆಯನ್ನು ಬರೆಯುವವರು ಅದರ ಕೆರೆಗಳ ಚರಿತ್ರೆಯನ್ನೂ ಅರಿಯಬೇಕಾದುದು ಈ ಕಾರಣದಿಂದಲೇ.