ಕಣ ಹೋಯಿತು, ಫೀಡರು ಬಂತು

ಸ್ವಾತಂತ್ರ್ಯ ಬರುವ ತನಕ ಜಮಖಂಡಿಗೆ ಪಟವರ್ಧನರು, ಮುಧೋಳಕ್ಕೆ ಘೋರ್ಪಡೆಯವರು. ರಬಕವಿ ಸಾಂಗಲಿ ಸಂಸ್ಥಾನದ್ದು, ಬೀಳಗಿ ನೇರ ಇಂಗ್ಲಿಷರದ್ದು. ದೊರೆಗಳು ಬೇರೆ ಬೇರೆ, ಕೋಳಿ ಸಾಕುವ ರೀತಿ ಮಾತ್ರ ಒಂದೇ. ಬೆಳಗ್ಗೆ ಹೆಡಗಿ ಎತ್ತುವುದು, ಸಂಜೆ ಹೆಡಗಿ ಮುಚ್ಚುವುದು. ನಡುವಿನ ಹೊತ್ತಿನಲ್ಲಿ ಕೋಳಿಯ ಹೊಟ್ಟೆಯ ಚಿಂತೆ ಕೋಳಿಯದ್ದೇ.

ಲಸಿಕೆ ಪೆಟ್ಟಿಗೆ ಹೊತ್ತು ಈ ಊರುಗಳ ಓಣಿ ಸುತ್ತಿ ನಿವೃತ್ತನಾದವನು ನಾನು. ಸಂತೆಯಲ್ಲಿ ನೇತಾಡುವ ಪ್ಲಾಸ್ಟಿಕ್ ಫೀಡರು ನೋಡಿ ಹುಡುಗರು, “ಕಾಕಾ, ಮದಲ ಇವೆಲ್ಲ ಯಾಕ ಇರಲಿಲ್ಲ?” ಅಂತ ಕೇಳುತ್ತಾರೆ. ಮೊದಲು ಕಣ ಇತ್ತು, ಅದಕ್ಕೆ.

ಹಿಂಗಾರಿ ಬಿಳಿಜೋಳ ಕೊಯ್ಲಾಗಿ ಕಣಕ್ಕೆ ಬಂದರೆ ನಡುವೆ ಮೇಟಿ, ಸುತ್ತ ಎತ್ತುಗಳ ಹಂತಿ. ರಾಶಿ ಮನೆ ಸೇರಿದ ಮೇಲೂ ನೆಲದ ಬಿರುಕಿನಲ್ಲಿ, ಬಣವಿಯ ಬುಡದಲ್ಲಿ ಕಾಳು ಉಳಿಯುತ್ತಿತ್ತು. ಬೀಸುಕಲ್ಲಿನ ಸುತ್ತ ನುಚ್ಚು, ತಿಪ್ಪಿಯಲ್ಲಿ ಹುಳು. ಮರಿಗಳಿಗೆಂದು ನಮ್ಮವ್ವ ಹಳೆ ಗಡಿಗೆಗೆ ಸಗಣಿ, ಕಣಿಕಿ ಚೂರು ತುಂಬಿ, ನೀರು ಚಿಮುಕಿಸಿ, ಗೆದ್ದಲಿದ್ದ ನೆಲದ ಮೇಲೆ ಬೋರಲು ಹಾಕುತ್ತಿದ್ದಳು. ಬೆಳಗ್ಗೆ ಕೊಡವಿದರೆ ಮರಿಗಳಿಗೆ ಹಬ್ಬ.

ಪಾತ್ರೆ ಬೇಕಾಗಿದ್ದು ನೀರಿಗೆ. ಬಾವಿ ಪಕ್ಕದ ಕಲ್ಲಿನ ದೋಣಿ ದನಕ್ಕೆ ಸರಿ, ಮರಿ ಬಿದ್ದರೆ ಮುಳುಗಿತು. ಆದ್ದರಿಂದ ಒಡೆದ ಹರವಿಯ ತಳ, ಮರಿಗಳು ಕಾಲೂರಲು ಅದರೊಳಗೆ ನಾಲ್ಕು ಹರಳು. ಸುಟ್ಟ ಮಣ್ಣಿನ ಮೈಯಿಂದ ನೀರು ಜಿನುಗಿ ಆರುವುದರಿಂದ 40 ಡಿಗ್ರಿ ಬಿಸಿಲಿನಲ್ಲೂ ಅದು ತಂಪಾಗಿರುತ್ತಿತ್ತು.

ಬನಹಟ್ಟಿಯ ನೇಕಾರರ ಓಣಿಯ ಕಥೆ ಬೇರೆ. ಹಾಸಿನ ನೂಲಿಗೆ ಗಂಜಿ ಹಚ್ಚುವಲ್ಲಿ ಕೋಳಿ ನುಗ್ಗಿದರೆ ಜಗಳವೇ. ಅಲ್ಲಿ ಕೋಳಿ ಇಟ್ಟ ಕೆಲವರು ಹೆಡಗಿಯಡಿ ಕೂಡಿಹಾಕಿ, ಪರಾತದಲ್ಲಿ ಕಾಳು ಇಡುತ್ತಿದ್ದರು. ಕೆದರಿ ತಿನ್ನಲು ಜಾಗವಿಲ್ಲದ ಕಡೆಯೇ ತಿನಿಸಿನ ಪಾತ್ರೆ ಮೊದಲು ಕಂಡದ್ದು.

1970ರ ದಶಕದಲ್ಲಿ ಸಮೀರವಾಡಿಗೆ ಸಕ್ಕರೆ ಕಾರ್ಖಾನೆ ಬಂತು. 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರೇ ಹಣ ಕೂಡಿಸಿ, ಶ್ರಮದಾನ ಮಾಡಿ, ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಬ್ಯಾರೇಜು ಕಟ್ಟಿದರು. ಜೋಳದ ಹೊಲ ಕಬ್ಬಿಗೆ ತಿರುಗಿತು. ಕಬ್ಬು ಹೊಲದಿಂದ ನೇರ ಟ್ರ್ಯಾಕ್ಟರ್ ಏರುತ್ತದೆ, ಕಣದ ಹಂಗಿಲ್ಲ. ಬೀಳಗಿ ಕಡೆ ಆಲಮಟ್ಟಿ ಹಿನ್ನೀರಿಗೆ ಊರುಗಳೇ ಹೋದವು. ಪುನರ್ವಸತಿ ಕೇಂದ್ರದ ಸೈಟಿನಲ್ಲಿ ಮನೆ ಎದ್ದರೆ ಹಿತ್ತಲಿಗೆ ಉಳಿಯುವುದು ಕಡಿಮೆ. ಕೋಳಿಗೂ ಕಾಳು ಕೊಂಡು ತರುವ ಕಾಲ ಬಂತು. ಕೊಂಡ ಕಾಳನ್ನು ಕೋಳಿ ಕೆದರಿ ಚೆಲ್ಲಿದರೆ ಜೀವ ಚುರ್ ಎನ್ನುತ್ತದೆ.

ಹೀಗೆ ಶುರುವಾಯಿತು ಫೀಡರು. ಮೊದಲು ಅಂಚಿಗೆ ತೂತು ಕೊರೆದು ತಾಟಿನ ಮೇಲೆ ಬೋರಲು ಹಾಕಿದ ಡಾಲ್ಡಾ ಡಬ್ಬಿ. ಆಮೇಲೆ ಕಬ್ಬಿನ ಪೈಪ್‌ಲೈನಿನಲ್ಲಿ ಮಿಕ್ಕ ಪಿವಿಸಿ ತುಂಡು, ಅದರ ಬುಡಕ್ಕೊಂದು ಬೆಂಡು. ಅಂಗಡಿಯ ಪ್ಲಾಸ್ಟಿಕ್ಕು ಬಂದದ್ದು ಕೊನೆಗೆ.

ನೀರಿನ ಪಾತ್ರೆ ಬದಲಾಗಲು ಕಾರಣ ಕೊಕ್ಕರೆ ರೋಗ. ಓಣಿಯ ಕೋಳಿಗಳೆಲ್ಲ ಒಂದೇ ತೆರೆದ ತಳದಲ್ಲಿ ಕುಡಿದು, ಅದರಲ್ಲೇ ಹಿಕ್ಕೆ ಹಾಕಿದರೆ ಬೇನೆ ಹಬ್ಬದೇ ಇರುತ್ತದೆಯೇ? ಅದೇ ಬೋರಲು ಡಬ್ಬಿಗೆ ನೀರು ತುಂಬಿಟ್ಟರೆ ಆ ಭಯ ಕಡಿಮೆ: ತಟ್ಟೆಯ ನೀರು ತೂತಿಗಿಂತ ಕೆಳಗಿಳಿದಾಗ ಗಾಳಿ ಒಳಹೊಕ್ಕು, ಅಷ್ಟೇ ನೀರು ಹೊರಬರುತ್ತದೆ. ಆದರೆ ಬಿಸಿಲಿನಲ್ಲಿಟ್ಟರೆ ಪ್ಲಾಸ್ಟಿಕ್ಕಿನ ನೀರು ಕಾಯುತ್ತದೆ, ಕೋಳಿ ಮುಟ್ಟುವುದಿಲ್ಲ. ದಿನಾ ತಿಕ್ಕಿ ತೊಳೆಯುವ ಕೈ ಇದ್ದರೆ ಬೇಸಿಗೆಗೆ ಮಣ್ಣಿನದೇ ಮೇಲು.

ಕೊಳ್ಳುವವರಿಗೆ ನಾನು ಹೇಳುವುದು ಇಷ್ಟೇ. ಫೀಡರಿನ ಅಂಚು ಕೋಳಿಯ ಬೆನ್ನಿನ ಮಟ್ಟಕ್ಕಿರಲಿ. ತಟ್ಟೆಯಲ್ಲಿ ಕಾಳು ಮೂರರಲ್ಲಿ ಒಂದು ಪಾಲು ಮೀರದಿರಲಿ, ಚೆಲ್ಲುವುದು ನಿಲ್ಲುತ್ತದೆ. ಬರೀ ಮೆಕ್ಕೆಜೋಳ ತುಂಬಿ, ತತ್ತಿ ಕಡಿಮೆಯಾಯಿತೆಂದು ಡಬ್ಬಿಯನ್ನು ಬಯ್ಯಬೇಡಿ. ಕಣ ಕಾಳು ಕೊಡುತ್ತಿತ್ತು, ತಿಪ್ಪಿ ಹುಳು ಕೊಡುತ್ತಿತ್ತು. ಡಬ್ಬಿಗೆ ಎರಡನ್ನೂ ನಾವೇ ಹಾಕಬೇಕು. ಹುಳುವಿನ ಬದಲು ಬೂಸ್ಟು ಹಿಡಿಯದ ಶೇಂಗಾ ಹಿಂಡಿ ಬೆರೆಸಿ, ಪಕ್ಕದಲ್ಲೊಂದು ಬಟ್ಟಲು ಸುಣ್ಣಕಲ್ಲಿನ ನುಚ್ಚು ಇಡಿ. ಲೋಕಾಪುರ, ಮುಧೋಳದ ನೆಲದಲ್ಲಿ ಸುಣ್ಣಕಲ್ಲಿಗೇನು ಬರವಿಲ್ಲ.