ಮದ್ದೂರಿನಲ್ಲಿಳಿದು ಚುಕ್ಕಿ ನೋಡಲು

ಮಳವಳ್ಳಿ ಸೀಮೆಯಲ್ಲಿ ಶಿವನಸಮುದ್ರಕ್ಕೆ ‘ಬ್ಲಫ್’ ಎಂಬ ಇನ್ನೊಂದು ಹೆಸರಿದೆ. ಕಡಿದಾದ ನದಿದಂಡೆಗೆ ಇಂಗ್ಲಿಷಿನಲ್ಲಿರುವ ಪದ ಅದು. ಇಲ್ಲಿ ಅದು ಊರಿನ ಹೆಸರೇ ಆಗಿ, ಬಸ್ಸಿನ ಬೋರ್ಡಿಗೂ ಹತ್ತಿ, ನೂರು ವರ್ಷದಿಂದ ಜನರ ಬಾಯಲ್ಲಿ ಉಳಿದುಕೊಂಡಿದೆ. ಪದ ಪರದೇಶದ್ದಾದರೂ ಜಾಗಕ್ಕೆ ಸರಿಯಾಗಿ ಒಪ್ಪಿದೆ. ಮಂಡ್ಯ, ಮದ್ದೂರುಗಳ ಕಬ್ಬಿನ ಬಯಲು ನೋಡುತ್ತ ಬಂದವರಿಗೆ ಮುಂದೆ ಇಂಥದೊಂದು ಪಾತಾಳವಿದೆ ಎಂಬ ಸುಳಿವೇ ಸಿಗುವುದಿಲ್ಲ. ನೆಲ ಥಟ್ಟನೆ ಮುಗಿಯುತ್ತದೆ, ಎದುರಿಗೆ ಕಣಿವೆ ಬಾಯ್ದೆರೆದು ನಿಂತಿರುತ್ತದೆ.

ಇಲ್ಲಿ ಕಾವೇರಿ ಎರಡಾಗಿ ಒಡೆದು ನಡುಗಡ್ಡೆಯೊಂದನ್ನು ಬಳಸಿ ಹರಿಯುತ್ತದೆ. ಪಡುವಣ ಕವಲು ಗಗನಚುಕ್ಕಿಯಾಗಿ ಧುಮುಕಿದರೆ ಮೂಡಣ ಕವಲು ಭರಚುಕ್ಕಿಯಾಗಿ ಅಗಲಕ್ಕೆ ಹರಡಿಕೊಂಡು ಬೀಳುತ್ತದೆ. ಆದರೆ ಈ ಕಣಿವೆಗೆ ಮೊದಮೊದಲು ಬಂದವರು ನೀರು ಬೀಳುವುದನ್ನು ನೋಡಲೆಂದೇ ಬಂದವರಲ್ಲ. ಶ್ರೀರಂಗಪಟ್ಟಣದ ಆದಿರಂಗನಿಗೂ ಶ್ರೀರಂಗದ ಅಂತ್ಯರಂಗನಿಗೂ ನಡುವಿನವನಾದ ಮಧ್ಯರಂಗ ನೆಲೆಸಿರುವುದು ಈ ನಡುಗಡ್ಡೆಯಲ್ಲಿ. ಸೋಮೇಶ್ವರನ ಗುಡಿಯೂ ಇಲ್ಲೇ ಇದೆ. ಗಗನಚುಕ್ಕಿಯ ನೆತ್ತಿಯ ಮೇಲೆ ಮರ್ದಾನೆ ಗೈಬ್ ದರ್ಗಾ ಇದೆ. ಹರಕೆ ಹೊತ್ತು ಬಂದವರ ಕಣ್ಣಿಗೆ ಜಲಪಾತವೂ ಬೀಳುತ್ತಿತ್ತು, ಅಷ್ಟೆ.

ನೋಟಕ್ಕಾಗಿಯೇ ಬರುವವರ ಕಾಲ ಶುರುವಾದದ್ದು ಟಿಪ್ಪು ಮಡಿದ ಮೇಲೆ. 1800ರಲ್ಲಿ ಕಂಪನಿ ಸರ್ಕಾರದ ಪರವಾಗಿ ಮೈಸೂರು ಸೀಮೆಯನ್ನು ಅಳೆದು ಬರೆಯುತ್ತ ಹೊರಟ ಫ್ರಾನ್ಸಿಸ್ ಬುಕಾನನ್ ಎರಡೂ ಚುಕ್ಕಿಗಳನ್ನು ಕಂಡು ತನ್ನ ಪ್ರವಾಸಗ್ರಂಥದಲ್ಲಿ ಬರೆದಿಟ್ಟ. ಆದರೆ ನಡುಗಡ್ಡೆಯನ್ನು ಮುಟ್ಟುವುದು ಆಗ ಸುಲಭವಿರಲಿಲ್ಲ, ಹಳೆಯ ಸೇತುವೆಗಳು ಹಾಳಾಗಿದ್ದವು. ಆ ಕಷ್ಟವನ್ನು ನೀಗಿಸಿದವನು ರಾಮಸ್ವಾಮಿ ಮೊದಲಿಯಾರ್. 19ನೇ ಶತಮಾನದ ಮೊದಲ ದಶಕಗಳಲ್ಲಿ ಆತ ಎರಡೂ ಕವಲುಗಳ ಮೇಲೆ ಕಲ್ಲಿನ ಸೇತುವೆ ಕಟ್ಟಿಸಿದ. ಕಮಾನಿಲ್ಲದ ಕಟ್ಟಡ ಅದು. ನದಿಯ ಬಂಡೆಯ ಮೇಲೆ ಸಾಲುಸಾಲಾಗಿ ಕಲ್ಲುಕಂಬ ನಿಲ್ಲಿಸಿ, ಮೇಲೆ ಚಪ್ಪಡಿ ಹಾಸಿದ್ದು, ನಮ್ಮ ಗುಡಿಯ ಮುಖಮಂಟಪವನ್ನೇ ನೀರಿಗೆ ಅಡ್ಡಲಾಗಿ ಎಳೆದಂತೆ. ಹೆಸರಿಟ್ಟದ್ದು ಮಾತ್ರ ದೊರೆಗಳದ್ದು: ಒಂದಕ್ಕೆ ವೆಲ್ಲೆಸ್ಲಿ, ಇನ್ನೊಂದಕ್ಕೆ ಮದರಾಸಿನ ಗವರ್ನರ್ ಲಷಿಂಗ್ಟನ್. ವೆಲ್ಲೆಸ್ಲಿ ಜನರ ನಾಲಿಗೆಯಲ್ಲಿ ಸವೆದು ‘ವೆಸ್ಲಿ ಸೇತುವೆ’ಯಾಯಿತು. ಮೊದಲಿಯಾರನಿಗೆ ಕಂಪನಿ ಸರ್ಕಾರದಿಂದ ಜಹಗೀರು ದೊರೆಯಿತು, ‘ಜನೋಪಕಾರ ಕಾಮಕರ್ತ’ ಎಂಬ ಬಿರುದೂ ಬಂತು.

ಆ ಕಾಲದಲ್ಲಿ ಮಳವಳ್ಳಿ ಕಡೆಯ ಸೇತುವೆ ದಾಟಿದರೆ ರಾಜ್ಯವನ್ನೇ ದಾಟಿದಂತೆ. ಮಳವಳ್ಳಿ ಕಡೆಯ ದಡ ಮೈಸೂರು ಸಂಸ್ಥಾನದ್ದು. ನಡುಗಡ್ಡೆ ಕೊಳ್ಳೇಗಾಲಕ್ಕೆ, ಕೊಳ್ಳೇಗಾಲ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. 1956ರ ನವೆಂಬರ್ 1ರವರೆಗೂ ಹೀಗೇ ಇತ್ತು. ಒಂದೇ ನದಿಯ ಎರಡು ಕವಲನ್ನು ನೋಡಲು ಬಂದವರು ಎರಡು ಆಡಳಿತದ ನೆಲ ತುಳಿಯುತ್ತಿದ್ದರು. ಈಗಲೂ ಗಗನಚುಕ್ಕಿಯ ವೀಕ್ಷಣಾ ಸ್ಥಳ ಮಂಡ್ಯ ಜಿಲ್ಲೆಯಲ್ಲಿದೆ, ಭರಚುಕ್ಕಿ ಚಾಮರಾಜನಗರಕ್ಕೆ ಸೇರಿದೆ.

ಬೆಂಗಳೂರು-ಮೈಸೂರು ರೈಲು 1882ರ ವೇಳೆಗೆ ಓಡತೊಡಗಿದಾಗ ಚುಕ್ಕಿಯ ಹೆಬ್ಬಾಗಿಲು ಮದ್ದೂರಾಯಿತು. ದೂರದೂರದಿಂದ ಬಂದವರು ಮದ್ದೂರು ಸ್ಟೇಷನ್ನಿನಲ್ಲಿ ಇಳಿದು, ಮಳವಳ್ಳಿಯ ಮೇಲೆ ಸುಮಾರು 30 ಮೈಲಿ ಗಾಡಿಯಲ್ಲಿ ಹೋಗಬೇಕಿತ್ತು. ಇಂದು ಮದ್ದೂರೆಂದರೆ ವಡೆಯ ನೆನಪು. ಅಂದು ಕಾವೇರಿಯ ಜಲಪಾತಕ್ಕೆ ಇಳಿಯುವ ನಿಲ್ದಾಣವೆಂಬ ಹೆಸರೂ ಅದಕ್ಕಿತ್ತು ಎಂಬುದನ್ನು ಮರೆಯಬಾರದು.

ಮುಂದೆ ಈ ಸೀಮೆಯ ದಾರಿಗಳು ಬೇರೆಯದೇ ಭಾರ ಹೊತ್ತವು. ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಬೇಕಿತ್ತು. ದಿವಾನ್ ಶೇಷಾದ್ರಿ ಅಯ್ಯರ್ ಒಪ್ಪಿಗೆ ಕೊಟ್ಟರು, ಎಂಜಿನಿಯರ್ ಡಿ ಲಾಟ್ಬಿನಿಯರ್ ಯೋಜನೆ ರೂಪಿಸಿದರು. ಸಮುದ್ರ ದಾಟಿ ಬಂದ ಯಂತ್ರಗಳನ್ನು ಆನೆಗಳೂ ಎತ್ತಿನ ಗಾಡಿಗಳೂ ಕಣಿವೆಗೆ ಸಾಗಿಸಿದವು. 1902ರ ಜೂನ್ 30ರಂದು ಶಿವನಸಮುದ್ರದ ವಿದ್ಯುತ್ತು 92 ಮೈಲಿ ತಂತಿಯಲ್ಲಿ ಹರಿದು ಕೋಲಾರ ಮುಟ್ಟಿತು. ಆಗ ಜಗತ್ತಿನಲ್ಲೇ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಅದೊಂದಾಗಿತ್ತು. ಶೇಷಾದ್ರಿ ಅಯ್ಯರ್ ಅದನ್ನು ನೋಡಲಿಲ್ಲ, 1901ರಲ್ಲೇ ತೀರಿಕೊಂಡಿದ್ದರು. 1905ರಲ್ಲಿ ಬೆಂಗಳೂರಿನ ಬೀದಿದೀಪಗಳು ಬೆಳಗಿದ್ದೂ ಇದೇ ನೀರಿನಿಂದ.

ವಿದ್ಯುತ್ ಹುಟ್ಟಿದ ದಿನದಿಂದ ಇಲ್ಲಿ ಎರಡು ಬಗೆಯ ನೀರಾಯಿತು: ನೋಡುವ ನೀರು ಮತ್ತು ದುಡಿಯುವ ನೀರು. ಮೇಲ್ದಂಡೆಯಲ್ಲೇ ಕಾಲುವೆಗೆ ತಿರುಗಿ, ಕೊಳವೆಯಲ್ಲಿ ಇಳಿದು, ಚಕ್ರ ತಿರುಗಿಸಿದ ನೀರು ಜಲಪಾತಕ್ಕೆ ಬರುವುದಿಲ್ಲ. ಬೇಸಿಗೆಯಲ್ಲಿ ನದಿ ಸೊರಗಿದರೆ ಗಣಿಗೆ ವಿದ್ಯುತ್ ಕೊಡುವುದು ಕಷ್ಟವಾಗುತ್ತಿತ್ತು. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಗಲು ಇದೂ ಒಂದು ಕಾರಣ. ಮಂಡ್ಯದ ಗದ್ದೆಗೆ ನೀರು ತಂದ ಕಟ್ಟೆಯ ಹಿಂದೆ ಈ ಕಣಿವೆಯ ಯಂತ್ರಗಳ ಬಾಯಾರಿಕೆಯೂ ಇತ್ತು. ನೀರು ಯಂತ್ರಗಳ ಕಡೆಗೆ ತಿರುಗುವುದರಿಂದ ಏಪ್ರಿಲಿನಲ್ಲಿ ಬಂದವರಿಗೆ ಕಾಣುವುದು ಹೆಚ್ಚಾಗಿ ಬರಿ ಬಂಡೆ. ಆಷಾಢ ಶ್ರಾವಣದಲ್ಲಿ ಕಟ್ಟೆ ತುಂಬಿ ನೀರು ಬಿಟ್ಟಾಗ ಚುಕ್ಕಿಗಳನ್ನು ನೋಡಬೇಕು. ಆಗ ಎದೆಯೇ ನಡುಗುತ್ತದೆ. ಅಂಥ ಹೊತ್ತಿನಲ್ಲಿ ನೀರಿನ ಅಂಚಿಗೆ ಇಳಿದು ಜೀವ ಕಳೆದುಕೊಂಡವರು ಎಷ್ಟೋ ಮಂದಿ. ಕಟಕಟೆಯ ಈಚೆಗೆ ನಿಂತರೆ ನೋಟಕ್ಕೆ ಯಾವ ಕೊರತೆಯೂ ಇಲ್ಲ.

ವಿದ್ಯುತ್ತಿನ ಕೆಲಸ ಇಲ್ಲಿಗೇ ನಿಲ್ಲಲಿಲ್ಲ. 1940ರಲ್ಲಿ ಶಿಂಷಾ ಜಲಪಾತದ ಬಳಿಯೂ ವಿದ್ಯುದಾಗಾರ ಎದ್ದಿತು.

ಕಣಿವೆಯ ಕೆಳಗೆ ಇನ್ನೂ ಕಾಡಿನೊಳಗೆ ಮುತ್ತತ್ತಿ ಇದೆ. ಸೀತೆಯ ಮೂಗುತಿ ಹೊಳೆಗೆ ಬಿದ್ದಾಗ ಹನುಮಂತ ಬಾಲದಿಂದ ತಡಕಿ ತೆಗೆದುಕೊಟ್ಟ ಎಂಬುದು ಅಲ್ಲಿನ ಕಥೆ. ಮುತ್ತೆತ್ತಿರಾಯನೆನಿಸಿದ ಆ ಹನುಮಂತನ ಮೇಲಿನ ಭಕ್ತಿಯಿಂದ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಮಗನಿಗೆ ಮುತ್ತುರಾಜ ಎಂದು ಹೆಸರಿಟ್ಟರು. ಆ ಮಗುವೇ ಮುಂದೆ ರಾಜ್‌ಕುಮಾರ್. ಸುತ್ತಲಿನ ಕಾಡನ್ನು 1987ರಲ್ಲಿ ಕಾವೇರಿ ವನ್ಯಜೀವಿಧಾಮವೆಂದು ಘೋಷಿಸಲಾಯಿತು.

2018ರ ಆಗಸ್ಟಿನಲ್ಲಿ ಕಾವೇರಿ ಉಕ್ಕಿ ಹರಿದಾಗ ವೆಸ್ಲಿ ಸೇತುವೆಯ ಒಂದು ಭಾಗ ಕೊಚ್ಚಿಹೋಯಿತು. ವಾಹನಗಳು ಅದನ್ನು ಬಿಟ್ಟು ಪಕ್ಕದ ಹೊಸ ಸೇತುವೆಗೆ ಹೋಗಿ ಎಷ್ಟೋ ಕಾಲವಾಗಿತ್ತು.  ಚುಕ್ಕಿ ನೋಡಲು ಬಂದವರು ಈಗ ಹೊಸ ಸೇತುವೆಯ ಮೇಲೆ ಗಾಡಿ ನಿಲ್ಲಿಸಿ, ಹೊಳೆಯ ನಡುವೆ ನಿಂತ ಆ ಕಲ್ಲುಸಾಲನ್ನು ನೋಡಿ ಮುಂದೆ ಹೋಗುತ್ತಾರೆ.