ವ್ಯಾಯಾಮಜನ್ಯ ಪಿತ್ತಗಂಧೆ

ಓಟ, ಕುಸ್ತಿ, ಹೊಲದ ದುಡಿಮೆ ಮೊದಲಾದ ಶ್ರಮದಿಂದ ಮೈ ಕಾದು ಬೆವರೊಡೆಯುವ ಹೊತ್ತಿಗೆ ಚರ್ಮದ ಮೇಲೆ ತೀವ್ರವಾದ ತುರಿಕೆಯೊಡನೆ ದದ್ದುಗಳೇಳುವ ವ್ಯಾಧಿ. ಸೊಲ್ಲಾಪುರ, ಅಕ್ಕಲಕೋಟೆಗಳ ಸೀಮೆಯಲ್ಲಿ ಬೇಸಗೆಯ ಉಷ್ಣಮಾನವು 40 ಡಿಗ್ರಿಯನ್ನು ಮೀರುವುದರಿಂದ, ಕಂದಲಗಾಂವದಂತಹ ಗ್ರಾಮಗಳಲ್ಲಿ ಬಿಸಿಲಿನ ಅಲ್ಪಶ್ರಮವೂ ಇದನ್ನು ಕೆರಳಿಸಲು ಸಾಕಾದೀತು.

ಆಯುರ್ವೇದದ ಮಾಧವನಿದಾನವು ಶೀತಪಿತ್ತ, ಉದರ್ದ, ಕೋಠಗಳೆಂಬ ವ್ಯಾಧಿಗಳನ್ನು ಒಂದೇ ಅಧ್ಯಾಯದಲ್ಲಿ ವರ್ಣಿಸಿ, ಶೀತಲವಾಯುವಿನ ಸ್ಪರ್ಶವನ್ನು ಕಾರಣವಾಗಿ ಹೇಳುತ್ತದೆ. ಪಿತ್ತವೆದ್ದವರಿಗೆ ಕಂಬಳಿ ಹೊದಿಸುವ ರೂಢಿಯು ಚಳಿಯಿಂದ ಹುಟ್ಟಿದ ದದ್ದಿಗೆ ಸಲ್ಲಬಹುದೇನೋ. ಶ್ರಮದಿಂದ ಹುಟ್ಟಿದುದಕ್ಕೆ ಅದು ವಿಪರೀತವಾದ ಉಪಚಾರ, ಏಕೆಂದರೆ ಇಲ್ಲಿ ಉಷ್ಣವೇ ಪ್ರೇರಕ.

ಈ ಭೇದವನ್ನು ಆಧುನಿಕ ವೈದ್ಯದಲ್ಲಿ ಮೊದಲು ಸ್ಪಷ್ಟಪಡಿಸಿದವನು ಅಮೆರಿಕದ ಡಬ್ಲ್ಯು. ಡಬ್ಲ್ಯು. ಡ್ಯೂಕ್ (1924). ಬೆವರಿನ ಗ್ರಂಥಿಗಳನ್ನು ಪ್ರಚೋದಿಸುವ ನರಗಳ ತುದಿಯಲ್ಲಿ ಅಸಿಟೈಲ್‌ಕೋಲಿನ್ ಸ್ರವಿಸುವುದೆಂಬುದನ್ನು ಡೇಲ್ ಮತ್ತು ಫೆಲ್ಡ್‌ಬರ್ಗ್ 1934ರಲ್ಲಿ ತೋರಿಸಿದ ಬಳಿಕ, ಗ್ರಾಂಟ್, ಪಿಯರ್ಸನ್, ಕೋಮೋ ಎಂಬ ಮೂವರು 1936ರಲ್ಲಿ, ವ್ಯಾಯಾಮ, ಮೈಗೆ ಕೊಟ್ಟ ಕಾವು, ಮನಃಕ್ಷೋಭೆ ಎಂಬ ಮೇಲ್ನೋಟಕ್ಕೆ ಭಿನ್ನವಾದ ಮೂರು ಕಾರಣಗಳೂ ಈ ಒಂದೇ ನರಮಾರ್ಗದಿಂದ ದದ್ದನ್ನೆಬ್ಬಿಸುವುವೆಂದು ಪ್ರತಿಪಾದಿಸಿದರು. ಇದರಿಂದಲೇ ಇದಕ್ಕೆ ಕೋಲಿನರ್ಜಿಕ್ ಎಂಬ ವಿಶೇಷಣ ಬಂದಿತು. ಚರ್ಮದ ಮಾಸ್ಟ್ ಕೋಶಗಳಿಂದ ಹಿಸ್ಟಮಿನ್ ಬಿಡುಗಡೆಯಾಗುವುದು ತುರಿಕೆಗೆ ಮುಖ್ಯ ಕಾರಣ; ಆದರೆ ಕೆಲವರಲ್ಲಿ ಸ್ವಂತ ಬೆವರಿನ ಅಸಹಿಷ್ಣುತೆಯೂ, ಇನ್ನು ಕೆಲವರಲ್ಲಿ ಬೆವರಿನ ಅಭಾವವೂ ಕಂಡುಬಂದಿರುವುದರಿಂದ, ಒಂದೇ ಕಾರಣವನ್ನು ನಿಶ್ಚಯಿಸುವುದು ಸಾಧುವಲ್ಲ.

ಇಲ್ಲಿ ದದ್ದುಗಳು 1ರಿಂದ 3 ಮಿಲಿಮೀಟರಿನಷ್ಟು ಸಣ್ಣವು. ಸಾಮಾನ್ಯವಾಗಿ ಒಂದು ಗಂಟೆಯೊಳಗೆ ಅಡಗುವುವು. ಬಿಸಿನೀರಿನ ಸ್ನಾನದಿಂದಲೂ ಏಳುವುವು. ಇದರಿಂದ ಬೇರ್ಪಡಿಸಬೇಕಾದುದು ವ್ಯಾಯಾಮಜನ್ಯ ಅನಾಫೈಲ್ಯಾಕ್ಸಿಸ್: ಅಲ್ಲಿ ದದ್ದುಗಳು ದೊಡ್ಡವು, ಬಿಸಿನೀರಿನಿಂದ ಏಳುವುದಿಲ್ಲ, ಮುಖವೂ ಗಂಟಲೂ ಬಾತು, ಉಸಿರು ಕಟ್ಟಿ, ರಕ್ತದೊತ್ತಡವು ಕುಸಿಯಬಹುದು. ಶೆಫರ್ ಮತ್ತು ಆಸ್ಟೆನ್ 1980ರಲ್ಲಿ 16 ರೋಗಿಗಳಲ್ಲಿ ಇದನ್ನು ವಿವರಿಸಿದರು. ಕೆಲವರಲ್ಲಿ ಆಹಾರವೊಂದೇ ಆಗಲಿ ಶ್ರಮವೊಂದೇ ಆಗಲಿ ಬಾಧಿಸದೆ, ಎರಡೂ ಕೂಡಿದಾಗ ಮಾತ್ರ ಆಪತ್ತು ಒದಗುವುದು. ಗೋದಿಯ ಒಮೆಗಾ-5 ಗ್ಲಯಾಡಿನ್ ಎಂಬ ಪ್ರೋಟೀನು ಇದರ ಪ್ರಸಿದ್ಧ ನಿದರ್ಶನ. ಈ ಸೀಮೆಯ ಜೋಳದ ಭಕ್ಕರಿಯಲ್ಲಿ ಅದಿಲ್ಲವಾದರೂ, ಚಪಾತಿಯುಂಡು ನೇಮಕಾತಿಯ ಓಟಕ್ಕೆ ಹೊರಡುವ ತರುಣನ ವಿಷಯದಲ್ಲಿ ವೈದ್ಯನು ಇದನ್ನು ಮರೆಯಲಾಗದು.

ಚಿಕಿತ್ಸೆಯಲ್ಲಿ ನಿದ್ದೆ ತರಿಸದ ಹಿಸ್ಟಮಿನ್‌ನಿರೋಧಕಗಳು (ಸೆಟಿರಿಜಿನ್, ಫೆಕ್ಸೊಫೆನಡಿನ್) ಮೊದಲನೆಯವು. ಸಾಲದಾದಲ್ಲಿ ವೈದ್ಯರ ಮೇಲ್ವಿಚಾರಣೆಯಲ್ಲಿ ನಾಲ್ಮಡಿಯವರೆಗೆ ಮಾತ್ರೆಯ ಪ್ರಮಾಣವನ್ನು ಏರಿಸಬಹುದು. ಹಠಮಾರಿ ವ್ಯಾಧಿಗೆ ಒಮಾಲಿಝುಮಾಬ್ ಉಂಟು. ಒಮ್ಮೆ ದದ್ದೆದ್ದ ಬಳಿಕ ಕೆಲಕಾಲ ಮತ್ತೆ ಏಳದಿರುವ ಸ್ವಭಾವವಿರುವುದರಿಂದ, ಲಘುರೂಪದ ರೋಗಿಗಳಿಗೆ ಕ್ರಮವಾಗಿ ಬೆವರಿಸುವ ಅಭ್ಯಾಸವೂ ಹಿತವಾಗಬಹುದು. ಅನಾಫೈಲ್ಯಾಕ್ಸಿಸಿನ ಶಂಕೆಯಿದ್ದವರು ಇದಕ್ಕೆ ಕೈಹಾಕಬಾರದು. ಅಂಥವರು ಶ್ರಮಕ್ಕೆ ಮುನ್ನ 4ರಿಂದ 6 ಗಂಟೆ ದೋಷಕಾರಿ ಆಹಾರವನ್ನೂ, ಆಸ್ಪಿರಿನ್ ಜಾತಿಯ ನೋವುಮಾತ್ರೆಗಳನ್ನೂ, ಮದ್ಯವನ್ನೂ ವರ್ಜಿಸಿ, ಎಂದಿಗೂ ಒಬ್ಬರೇ ಓಡದೆ, ತುರಿಕೆಯ ಮೊದಲ ಸೂಚನೆಗೇ ನಿಲ್ಲಬೇಕು. ಉಸಿರು ಕಟ್ಟಿದಾಗ ಮಾತ್ರೆಯನ್ನು ನೆಚ್ಚಿ ಕಾಯುವುದು ಪ್ರಾಣಾಪಾಯಕರ: ತೊಡೆಯ ಹೊರಬದಿಯ ಸ್ನಾಯುವಿಗೆ ಅಡ್ರಿನಲಿನ್ (ವಯಸ್ಕರಿಗೆ 0.5 ಮಿಲಿಗ್ರಾಂ) ಒಡನೆಯೇ ಸಲ್ಲಬೇಕು.